ಬೆಕ್ಕು ಹಿಡಿಯುವ ಮೊದಲು ಅನ್ನ ಹಾಕುವವರನ್ನು ಹಿಡಿಯಿರಿ

ಪ್ರಶ್ನೆ: ಡಾಕ್ಟ್ರೇ, ನಮ್ಮದು ಬಸವೇಶ್ವರನಗರದಲ್ಲಿ ಥರ್ಟಿ-ಫಾರ್ಟಿ ಸೈಟಿನ ಮನೆ, ನೆಲಮಹಡಿಯಲ್ಲಿದ್ದೇವೆ. ಎರಡು ವರ್ಷದ ಹಿಂದೆ ಒಂದೇ ಒಂದು ಬೆಕ್ಕು ಓಡಾಡಿಕೊಂಡಿತ್ತು. ಈಗ ಏಳೋ ಎಂಟೋ ಇವೆ. ಪಕ್ಕದ ಕಟ್ಟಡದ ಮೊದಲ ಮಹಡಿಯ ಅಜ್ಜಿ ಬೆಳಗ್ಗೆ ಸಂಜೆ ಹಾಲನ್ನ ಹಾಕುತ್ತಾರೆ. ಅಲ್ಲಿ ತಿಂದು ಬಂದು ನಮ್ಮ ಹೂಕುಂಡಗಳಲ್ಲಿ ಹೊಲಸು ಮಾಡುತ್ತವೆ. ಒಂದು ದಪ್ಪ ತಲೆಯ ಗಂಡುಬೆಕ್ಕು ದಿನಾ ಬಾಗಿಲ ಪಕ್ಕದ ಗೋಡೆಗೆ ಉಚ್ಚೆ ಹಾರಿಸುತ್ತದೆ. ಎಷ್ಟು ಫಿನೈಲ್ ಹಾಕಿ ತೊಳೆದರೂ ವಾಸನೆ ಹೋಗುವುದಿಲ್ಲ. ರಾತ್ರಿ ಎರಡು ಗಂಟೆಗೆ ಮಗು ಅತ್ತ ಹಾಗೆ ಅಳು. ಕೆಟ್ಟ ಶಕುನ ಅಂತ ನಮ್ಮತ್ತೆ ಗೊಣಗುತ್ತಾರೆ. ಈಗ ಪಾರ್ಕಿಂಗ್ ಸಜ್ಜೆಯ ಮೇಲೆ ಮೂರು ಮರಿ ಬೇರೆ. ಮಗಳು ಆರು ತಿಂಗಳ ಗರ್ಭಿಣಿ, ಬಾಣಂತನಕ್ಕೆ ಬರುವವಳಿದ್ದಾಳೆ. ಬೆಕ್ಕಿರುವ ಮನೆಯಲ್ಲಿ ಮಗುವಿಗೆ ತೊಂದರೆ, ಕೂದಲು ಹೊಟ್ಟೆಗೆ ಹೋದರೆ ಅಸ್ತಮಾ ಅಂತ ಬೀಗರು ಹೇಳಿ ಕಳಿಸಿದ್ದಾರೆ. ನಮ್ಮ ಮನೆಯವರು ಗೋಣಿಚೀಲದಲ್ಲಿ ಹಿಡಿದು ಕೆ.ಆರ್. ಮಾರುಕಟ್ಟೆ ಹತ್ತಿರ ಬಿಟ್ಟು ಬರೋಣ ಅನ್ನುತ್ತಾರೆ. ಬೀದಿಯ ಒಬ್ಬರು ಇಲಿ ಪಾಷಾಣದ ಮಾತನ್ನೂ ಎತ್ತಿದರು, ಅದು ನನಗೆ ಸರಿಬರಲಿಲ್ಲ. ಫೋನ್ ಮಾಡಿದ ಕಡೆಯೆಲ್ಲ "ನಾಯಿ ಆದರೆ ಬರ್ತೀವಿ, ಬೆಕ್ಕಿಗೆ ಬರಲ್ಲ" ಅಂದರು. ಅಜ್ಜಿಯ ಜೊತೆ ಎರಡು ಸಲ ಮಾತಿಗೆ ಮಾತು ಬೆಳೆದು ಈಗ ಮುಖ ನೋಡುತ್ತಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ವಾಸನೆ, ಅಳು, ಮರಿ, ಜಗಳ ಎಲ್ಲವನ್ನೂ ಬರೆದಿದ್ದೀರಿ. ಆದರೆ ನಿಮ್ಮ ನಿದ್ದೆ ಕೆಡಿಸಿರುವುದು ಮಗಳ ವಿಷಯ ಅನ್ನುವುದು ಓದಿದರೆ ತಿಳಿಯುತ್ತದೆ. ಅಲ್ಲಿಂದಲೇ ಶುರು ಮಾಡೋಣ.

ಬೀಗರ ಮಾತು ಪೂರಾ ಸುಳ್ಳಲ್ಲ. ಟಾಕ್ಸೋಪ್ಲಾಸ್ಮಾ ಅನ್ನುವ ಏಕಕೋಶ ಜೀವಿಯೊಂದಿದೆ. ಅದು ಬೆಕ್ಕಿನ ಕರುಳಿನಲ್ಲಿ ಸಂತಾನ ಬೆಳೆಸಿ, ಮಲದ ಜೊತೆ ಕಣ್ಣಿಗೆ ಕಾಣದ ಮೊಟ್ಟೆಯಂಥ ಕಣಗಳಾಗಿ ಹೊರಬರುತ್ತದೆ. ಹೆಂಗಸೊಬ್ಬಳಿಗೆ ಬಸಿರಿನ ಹೊತ್ತಿನಲ್ಲೇ ಮೊದಲ ಬಾರಿಗೆ ಈ ಸೋಂಕು ತಗುಲಿದರೆ ಮಗುವಿನ ಕಣ್ಣಿಗೂ ಮಿದುಳಿಗೂ ಪೆಟ್ಟಾಗಬಹುದು. ಇಲ್ಲಿಯವರೆಗೆ ನಿಜ. ಆದರೆ ಬೆಕ್ಕು ಸಾಮಾನ್ಯವಾಗಿ ತನ್ನ ಆಯುಸ್ಸಿನಲ್ಲಿ ಒಮ್ಮೆ, ಮೊದಲ ಸೋಂಕಿನ ಬೆನ್ನಿಗೆ, ಒಂದರಿಂದ ಮೂರು ವಾರ ಮಾತ್ರ ಈ ಕಣಗಳನ್ನು ಹೊರಹಾಕುತ್ತದೆ. ಹೊರಬಿದ್ದ ಕಣ ಅಂಟುವ ಹಂತಕ್ಕೆ ಬರಲು ಒಂದರಿಂದ ಐದು ದಿನ ಬೇಕು. ಆಮೇಲೆ ಅದು ಬಾಯಿಯ ದಾರಿಯಲ್ಲೇ ಹೊಟ್ಟೆ ಸೇರಬೇಕು. ಬೆಕ್ಕು ಕಾಂಪೌಂಡಿನ ಮೇಲೆ ಕೂತು ನೋಡಿದ ಮಾತ್ರಕ್ಕೆ, ಕಾಲಿಗೆ ಮೈ ಉಜ್ಜಿದ ಮಾತ್ರಕ್ಕೆ ಇದು ಬರುವುದಿಲ್ಲ.

ಜನರಿಗೆ ಈ ಸೋಂಕು ಬರುವ ಮುಖ್ಯ ದಾರಿಗಳು ಬೇರೆಯೇ ಇವೆ: ಸರಿಯಾಗಿ ಬೇಯದ ಮಾಂಸ, ಚೆನ್ನಾಗಿ ತೊಳೆಯದ ಸೊಪ್ಪು, ಮಣ್ಣಿನ ಕೈ. ಹಾಗಾಗಿ ನಿಮ್ಮ ಮನೆಯಲ್ಲಿ ಅಂಜಬೇಕಾದದ್ದೇನಾದರೂ ಇದ್ದರೆ ಅದು ಹೂಕುಂಡದ ಮಣ್ಣು. ತೇವವಿರುವ ಮಣ್ಣಿನಲ್ಲಿ ಆ ಕಣಗಳು ತಿಂಗಳುಗಟ್ಟಲೆ ಬದುಕಿರುತ್ತವೆ. ಮಗಳು ಬಂದ ಮೇಲೆ ಕುಂಡದ ಕೆಲಸ, ಕಳೆ ಕೀಳುವುದು, ಬೆಕ್ಕಿನ ಹೊಲಸು ತೆಗೆಯುವುದು ಅವಳ ಪಾಲಿಗೆ ಬೇಡ. ನೀವು ಮಾಡುವಾಗಲೂ ಗ್ಲೌಸ್ ಹಾಕಿಕೊಳ್ಳಿ, ಹೊಲಸನ್ನು ಕಂಡ ದಿನವೇ ತೆಗೆಯಿರಿ. ಕೊತ್ತಂಬರಿ, ಪುದೀನ, ದಂಟಿನ ಸೊಪ್ಪನ್ನು ಎರಡು ಮೂರು ನೀರಿನಲ್ಲಿ ತೊಳೆಯಿರಿ. ಅವಳಿಗೆ ಹಿಂದೆಂದೋ ಈ ಸೋಂಕು ಬಂದು ಹೋಗಿದೆಯೇ ಅನ್ನುವುದನ್ನು ರಕ್ತಪರೀಕ್ಷೆ ಹೇಳುತ್ತದೆ. ಅದು ಬೇಕೋ ಬೇಡವೋ ಅನ್ನುವುದನ್ನು ಅವಳ ಹೆರಿಗೆ ವೈದ್ಯರು ತೀರ್ಮಾನಿಸಲಿ, ನಾನು ದನ-ನಾಯಿ-ಬೆಕ್ಕಿನ ಡಾಕ್ಟರು.

ಕೂದಲು ಹೊಟ್ಟೆಗೆ ಹೋದರೆ ಅಸ್ತಮಾ ಅನ್ನುವುದು ನಮ್ಮ ಕಡೆ ಬಹಳ ಹಳೆಯ ಮಾತು. ಅಲರ್ಜಿ ತರುವುದು ಬೆಕ್ಕಿನ ಎಂಜಲು ಮತ್ತು ಚರ್ಮದಲ್ಲಿರುವ ಒಂದು ಪ್ರೋಟೀನು. ಬೆಕ್ಕು ಮೈ ನೆಕ್ಕಿಕೊಂಡಾಗ ಅದು ಕೂದಲಿಗೆ ಅಂಟಿ, ಒಣಗಿ, ಧೂಳಿನಲ್ಲಿ ಹಾರುತ್ತದೆ. ಮೊದಲೇ ಅಲರ್ಜಿ ಗುಣ ಇರುವವರಿಗೆ ಸೀನು, ಉಬ್ಬಸ ಬರಬಹುದು. ಉಳಿದವರಿಗೆ ಏನೂ ಆಗುವುದಿಲ್ಲ. ಬೆಕ್ಕು ಮನೆಯೊಳಗೆ ಸಾಕಿದವರಿಗೆ ಈ ಪ್ರಶ್ನೆ ಮುಖ್ಯ. ಹೊರಗಿನ ಬೆಕ್ಕಿನ ಮಟ್ಟಿಗೆ ಬಾಣಂತಿ ಕೋಣೆಯ ಕಿಟಕಿಗೆ ಗಟ್ಟಿ ಜಾಲರಿ ಹಾಕಿಸಿದರೆ ಸಾಕು. ಬೆಚ್ಚಗಿರುವ ಜಾಗ ಕಂಡರೆ ಬೆಕ್ಕು ನುಗ್ಗುತ್ತದೆ, ತೊಟ್ಟಿಲು ಅಂಥ ಜಾಗ.

ಬೀಗರು ಹೇಳದೆ ಬಿಟ್ಟ ಒಂದು ವಿಷಯ ನಾನು ಹೇಳುತ್ತೇನೆ: ರೇಬೀಸ್. ನಾಯಿಯಿಂದಲೇ ಹೆಚ್ಚು ಬರುತ್ತದೆ ನಿಜ, ಆದರೆ ಬೆಕ್ಕಿಗೂ ಬರುತ್ತದೆ, ಬೆಕ್ಕಿನಿಂದಲೂ ಬರುತ್ತದೆ. "ಬೆಕ್ಕು ತಾನೆ, ಪರಚಿದ್ದು ಅಷ್ಟೇ" ಅಂತ ಅರಿಶಿನವೋ ಕಾಫಿಪುಡಿಯೋ ಸುಣ್ಣವೋ ಮೆತ್ತಿಕೊಂಡು ಸುಮ್ಮನಿರುವವರನ್ನು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ. ಬೀದಿಬೆಕ್ಕು ಕಚ್ಚಿದರೆ, ಚರ್ಮ ತರಚುವಂತೆ ಪರಚಿದರೆ, ನಲ್ಲಿಯ ಕೆಳಗೆ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ. ಲಸಿಕೆ ಸರ್ಕಾರಿ ಆಸ್ಪತ್ರೆಯಲ್ಲೂ ಸಿಗುತ್ತದೆ. ಚರ್ಮದ ಪದರದೊಳಗೆ ಚುಚ್ಚುವ ಕ್ರಮದಲ್ಲಿ ಮೊದಲ ದಿನ, ನಂತರ 3, 7, 28ನೇ ದಿನ ತಪ್ಪಿಸದೆ ಹಾಕಿಸಿಕೊಳ್ಳಬೇಕು. ರಕ್ತ ಬಂದಿದ್ದರೆ ಗಾಯಕ್ಕೆ ಇಮ್ಯುನೋಗ್ಲಾಬ್ಯುಲಿನ್ ಅನ್ನುವ ಸಿದ್ಧ ಪ್ರತಿಕಾಯದ ಚುಚ್ಚುಮದ್ದು ಕೂಡ ಬೇಕಾಗುತ್ತದೆ. ಗರ್ಭಿಣಿಯರಿಗೂ ಈ ಲಸಿಕೆ ಕೊಡಬಹುದು, ಹಿಂಜರಿಯುವ ಕಾರಣವಿಲ್ಲ. ನಿಮ್ಮ ಮನೆಯವರ ಗೋಣಿಚೀಲದ ಯೋಜನೆಗೆ ನನ್ನ ಮೊದಲ ಆಕ್ಷೇಪವೂ ಇದೇ. ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕಿಳಿಯುತ್ತದೆ. ಮೇಲೆ ಚುಕ್ಕೆಯಷ್ಟು ಗಾಯ, ಒಳಗೆ ಕೀವು. ಮರುದಿನಕ್ಕೆ ಕೈ ಊದಿಕೊಂಡು ಆಸ್ಪತ್ರೆ ಸೇರಿದವರಿದ್ದಾರೆ.

ಈಗ ಅಳುವಿನ ವಿಷಯ. ನಿಮ್ಮತ್ತೆಗೆ ಸಮಾಧಾನವಾಗಿ ತಿಳಿಸಿ. ಅದು ಬೆದೆಗೆ ಬಂದ ಹೆಣ್ಣು ಗಂಡನ್ನು ಕರೆಯುವ ದನಿ, ಇಲ್ಲವೇ ಅವಳಿಗಾಗಿ ಇಬ್ಬರು ಗಂಡುಗಳು ಎದುರುಬದುರು ಕೂತು ಒಬ್ಬರನ್ನೊಬ್ಬರು ಹೆದರಿಸುವ ದನಿ. ಯಾರ ಮನೆಯ ಸಾವನ್ನೂ ಅದು ಸಾರುವುದಿಲ್ಲ. ಎರಡು ತಿಂಗಳಲ್ಲಿ ಮರಿ ಬರುತ್ತವೆ ಅನ್ನುವುದನ್ನು ಮಾತ್ರ ಬಹುಮಟ್ಟಿಗೆ ಖಚಿತವಾಗಿ ಸಾರುತ್ತದೆ.

ಒಂದು ಎಂಟಾದ ಲೆಕ್ಕವೂ ಅಲ್ಲೇ ಇದೆ. ಹೆಣ್ಣುಬೆಕ್ಕು ಐದಾರು ತಿಂಗಳಿಗೇ ಬೆದೆಗೆ ಬರುತ್ತದೆ. ಚೆನ್ನಾಗಿ ತಿಂದುಂಡ ಮರಿ ಇನ್ನೂ ಮೊದಲೇ ಬರಬಹುದು. ಗಬ್ಬದ ಅವಧಿ ಸುಮಾರು 63ರಿಂದ 65 ದಿನ. ಒಂದು ಸೂಲಿಗೆ ಮೂರರಿಂದ ಐದು ಮರಿ ಮಾಮೂಲು. ಮರಿ ಹಾಲು ಕುಡಿಯುತ್ತಿರುವಾಗಲೇ ಕೆಲವು ವಾರಗಳಲ್ಲಿ ತಾಯಿ ಮತ್ತೆ ಬೆದೆಗೆ ಬಂದುಬಿಡುತ್ತದೆ. ಬೆಕ್ಕಿನ ಬೆದೆ ಹಗಲಿನ ಉದ್ದವನ್ನು ಅವಲಂಬಿಸಿದೆ. ಚಳಿದೇಶಗಳಲ್ಲಿ ಹಗಲು ಕುಗ್ಗುವ ತಿಂಗಳುಗಳಲ್ಲಿ ಅವಕ್ಕೆ ಬಿಡುವು ಸಿಗುತ್ತದೆ. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ; ಡಿಸೆಂಬರಿನಲ್ಲೂ ಇಲ್ಲಿ ಹಗಲು ಹನ್ನೊಂದು ಗಂಟೆಗಿಂತ ಹೆಚ್ಚು. ಅಂದರೆ ನಮ್ಮೂರಿನ ಬೆಕ್ಕಿಗೆ ವರ್ಷವಿಡೀ ಸುಗ್ಗಿ. ಹುಟ್ಟಿದ ಮರಿಗಳಲ್ಲಿ ಹೆಚ್ಚಿನವು ಕಾರಿನ ಚಕ್ರ, ನಾಯಿ, ಪ್ಯಾನ್‌ಲ್ಯೂಕೋಪೀನಿಯಾದಂಥ ವಾಂತಿಭೇದಿ ರೋಗಕ್ಕೆ ಸಿಕ್ಕಿ ಸಾಯುತ್ತವೆ. ಇಲ್ಲದಿದ್ದರೆ ನೀವು ಬರೆದ ಎಂಟು, ಐವತ್ತಾಗಿರುತ್ತಿತ್ತು.

ಆ ದಪ್ಪ ತಲೆಯ ಗಂಡನ್ನು ಮುಂದಿನ ಸಲ ಕಿಟಕಿಯಿಂದ ಗಮನಿಸಿ. ಮೊದಲು ಗೋಡೆ ಮೂಸುತ್ತದೆ. ಆಮೇಲೆ ತಿರುಗಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಬಾಲ ನೆಟ್ಟಗೆ ಎತ್ತಿ, ತುದಿಯನ್ನು ಗಡಗಡ ಅದುರಿಸುತ್ತಾ, ಹಿಂಗಾಲಲ್ಲಿ ನೆಲ ತುಳಿಯುತ್ತಾ ಒಂದಡಿ ಎತ್ತರಕ್ಕೆ ಚಿಮ್ಮಿಸುತ್ತದೆ. ಉಚ್ಚೆ ಬಂತು ಅಂತ ಹೊಯ್ಯುವ ಬೆಕ್ಕು ಮಣ್ಣು ಕೆದರಿ, ಕುಕ್ಕರಗಾಲಲ್ಲಿ ಕೂತು, ಮುಚ್ಚಿ ಹೋಗುತ್ತದೆ. ಇದು ಹಾಗಲ್ಲ, ಇದು "ಈ ಬೀದಿ ನನ್ನದು" ಅಂತ ಹಾಕುವ ಸಹಿ. ಮಳೆ ಬಂದು ತೊಳೆದರೆ, ನೀವು ಫಿನೈಲ್ ಹಾಕಿ ಉಜ್ಜಿದರೆ, ಸಹಿ ಅಳಿಸಿತು ಅಂತ ಬಂದು ಮತ್ತೆ ಹಾಕುತ್ತದೆ. ಬೀಜ ತೆಗೆಸಿದ ಗಂಡುಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಈ ಚಾಳಿಯನ್ನು ಬಿಡುತ್ತವೆ ಅಥವಾ ಬಹಳ ಕಡಿಮೆ ಮಾಡುತ್ತವೆ. ಆಪರೇಷನ್ ಆದ ಮರುದಿನವೇ ಅಲ್ಲ. ಹಾರ್ಮೋನು ಇಳಿಯಲು ಕೆಲವು ವಾರ ಹಿಡಿಯುತ್ತದೆ.

ಮಾರುಕಟ್ಟೆಗೆ ಬಿಟ್ಟು ಬರುವ ಯೋಜನೆಗೆ ಬರೋಣ. ನನ್ನ ಕ್ಲಿನಿಕ್ಕಿನಲ್ಲಿ ಇದನ್ನು ಕೇಳದ ವಾರವಿಲ್ಲ. ಬೆಕ್ಕು ನಿಮ್ಮ ಬೀದಿಯಲ್ಲಿರುವುದು ಇಲ್ಲಿ ಅನ್ನವಿದೆ, ಅಡಗಲು ಜಾಗವಿದೆ ಅನ್ನುವ ಕಾರಣಕ್ಕೆ. ಎಂಟನ್ನೂ ಒಂದೇ ದಿನ ಎತ್ತಿ ಹಾಕಿದರೂ ಅನ್ನದ ತಟ್ಟೆ ಅಲ್ಲೇ ಇರುತ್ತದೆ, ಸಜ್ಜೆ ಅಲ್ಲೇ ಇರುತ್ತದೆ. ಖಾಲಿ ಮನೆಯ ಗೇಟಿಗೆ 'ಟು ಲೆಟ್' ಬೋರ್ಡು ನೇತುಹಾಕಿದ ಹಾಗೆ ಅದು. ಅಕ್ಕಪಕ್ಕದ ಕ್ರಾಸುಗಳ ಬೆಕ್ಕುಗಳು ಬಂದು ಸೇರುತ್ತವೆ. ಬರುವವು ಹೊಸಬು, ಜಾಗಕ್ಕಾಗಿ ಹೊಸದಾಗಿ ಕಾದಾಡಬೇಕು. ಮೊದಲ ಕೆಲವು ತಿಂಗಳು ಅಳುವೂ ಉಚ್ಚೆಯೂ ಇನ್ನಷ್ಟು ಹೆಚ್ಚುತ್ತದೆ. ಒಯ್ದು ಬಿಟ್ಟವುಗಳಲ್ಲಿ ಕೆಲವು ದಾರಿ ಹುಡುಕಿಕೊಂಡು ವಾಪಸ್ ಬರುತ್ತವೆ. ಉಳಿದವು ಮಾರುಕಟ್ಟೆಯ ಬೆಕ್ಕುಗಳಿಂದ ಕಚ್ಚಿಸಿಕೊಂಡು, ಮೇಲ್ಸೇತುವೆ ಕೆಳಗಿನ ವಾಹನಗಳಿಗೆ ಸಿಕ್ಕಿ ಮುಗಿಯುತ್ತವೆ. ಇನ್ನೂ ಒಂದು: ತಾಯಿಬೆಕ್ಕನ್ನು ಮಾತ್ರ ಹಿಡಿದು ಬಿಟ್ಟರೆ ಸಜ್ಜೆಯ ಮೇಲಿನ ಮೂರು ಮರಿಗಳು ಮೂರು ನಾಲ್ಕು ದಿನ ಕೂಗಿ ಅಲ್ಲೇ ಸಾಯುತ್ತವೆ. ಆ ವಾಸನೆ ನಿಮ್ಮ ಪಾರ್ಕಿಂಗಿನಲ್ಲೇ.

ಪಾಷಾಣದ ಮಾತು ನಿಮಗೆ ಸರಿಬರಲಿಲ್ಲ ಅಂದಿರಿ, ಒಳ್ಳೆಯದು. ಅದನ್ನು ಆಡಿದವರಿಗೆ ಇಷ್ಟು ತಿಳಿಸಿ: 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಯಾವುದೇ ಪ್ರಾಣಿಯನ್ನು ಕೇಡು ಬಗೆದು ಕೊಂದರೆ, ವಿಷ ಹಾಕಿದರೆ, ಅಂಗ ಊನ ಮಾಡಿದರೆ ಐದು ವರ್ಷದವರೆಗೆ ಜೈಲಾಗಬಹುದು. ಹಿಂದೆ ಪ್ರಾಣಿಯ ಬೆಲೆ ಇಷ್ಟಿರಬೇಕು ಅನ್ನುವ ಲೆಕ್ಕವಿತ್ತು, ಈಗ ಅದಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯೂ ಇದೆ. ಹಸಿವು ಬಾಯಾರಿಕೆಯಿಂದ ನರಳುವಂಥ ಕಡೆ ಪ್ರಾಣಿಯನ್ನು ತೊರೆದು ಬರುವುದನ್ನು ಅದು ಅಪರಾಧಗಳ ಪಟ್ಟಿಯಲ್ಲಿಟ್ಟಿದೆ. ಅದರ ಮೊದಲ ತಪ್ಪಿನ ದಂಡ ಹತ್ತರಿಂದ ಐವತ್ತು ರೂಪಾಯಿ, ಇವತ್ತಿಗೆ ಒಂದು ಮಸಾಲೆ ದೋಸೆಯೂ ಬರುವುದಿಲ್ಲ. ಅದನ್ನೇ ನೋಡಿ ಹಗುರ ಅಂದುಕೊಳ್ಳುವವರು 325ನೇ ಕಲಂ ಓದಿಲ್ಲ. ಕಾನೂನು ಪಕ್ಕಕ್ಕಿಟ್ಟರೂ, ಪಾಷಾಣ ತಿಂದ ಬೆಕ್ಕು ತಟ್ಟೆಯ ಪಕ್ಕದಲ್ಲಿ ಸಾಯುವುದಿಲ್ಲ. ಸಂಪಿನ ಬಳಿ, ಕಾರಿನ ಕೆಳಗೆ, ಡಕ್ಟಿನೊಳಗೆ ಹೋಗಿ ಸಾಯುತ್ತದೆ. ಪಾಷಾಣ ಕಲಸಿದ ಉಂಡೆ ಬೀದಿಯ ಯಾವ ಮಗುವಿನ ಕೈಗೆ ಸಿಗುತ್ತದೋ ಯಾರು ಬಲ್ಲರು.

ಮನೆಮದ್ದುಗಳ ಪೈಕಿ ಗೇಟಿನ ಮುಂದೆ ನೀಲಿ ನೀರಿನ ಬಾಟಲಿ ಸಾಲಾಗಿಡುವುದನ್ನು ನಮ್ಮ ಬೀದಿಗಳಲ್ಲಿ ಎಲ್ಲೆಲ್ಲೂ ಕಾಣುತ್ತೇವೆ. ನಾಯಿಗೂ ಕೆಲಸ ಮಾಡುವುದಿಲ್ಲ, ಬೆಕ್ಕಿಗೂ ಮಾಡುವುದಿಲ್ಲ, ತೊಂದರೆಯೂ ಇಲ್ಲ. ಇಟ್ಟುಕೊಳ್ಳಬೇಕು ಅನ್ನಿಸಿದರೆ ಇಟ್ಟುಕೊಳ್ಳಿ. ಖಾರದ ಪುಡಿ ಬೇಡ: ಕಾಲಿಗೆ ಅಂಟಿ ಕಣ್ಣಿಗೆ ಹೋಗುತ್ತದೆ, ಗಾಳಿಗೆ ನಿಮ್ಮ ಕಣ್ಣಿಗೂ ಬರುತ್ತದೆ. ನುಸಿಗುಳಿಗೆ ಖಂಡಿತ ಬೇಡ. ಅದರ ನ್ಯಾಫ್ತಲೀನ್ ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತದೆ. ನಿಮ್ಮ ಮನೆಗೆ ಇದು ಇನ್ನೂ ಮುಖ್ಯ, ಏಕೆಂದರೆ ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುವ ಹಸುಗೂಸಿಗೂ ಅದೇ ಆಗಿ ಕಾಮಾಲೆ ವಿಪರೀತಕ್ಕೆ ಹೋಗಬಹುದು. ಬೀರುವಿನಲ್ಲಿ ನುಸಿಗುಳಿಗೆ ಹಾಕಿಟ್ಟ ಹಳೆ ಮಗುಬಟ್ಟೆ, ಶಾಲುಗಳನ್ನು ಹೊಸ ಮಗುವಿಗೆ ಬಳಸಬೇಡಿ.

ಫಿನೈಲ್ ಕೂಡ ನಿಲ್ಲಿಸಿ. ಫೀನಾಲ್ ಜಾತಿಯ ವಸ್ತುಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಕಡಿಮೆ; ಒದ್ದೆ ನೆಲ ತುಳಿದು ಪಾದ ನೆಕ್ಕಿಕೊಂಡರೆ ಬಾಯಿ ಸುಡುತ್ತದೆ, ಕೆಲವೊಮ್ಮೆ ಜೀವಕ್ಕೂ ಬರುತ್ತದೆ. ನಮ್ಮ ಕೆಲಸಕ್ಕಂತೂ ಅದು ಬರುವುದೇ ಇಲ್ಲ. ಉಚ್ಚೆಯ ವಾಸನೆಯ ಮೂಲ ಗೋಡೆಯ ಸಿಮೆಂಟಿನೊಳಗೆ ಹಾಗೇ ಇರುತ್ತದೆ, ಮೇಲೆ ಫಿನೈಲಿನ ವಾಸನೆ ಮುಚ್ಚಿರುತ್ತದೆ ಅಷ್ಟೇ. ಬ್ಲೀಚಿಂಗ್ ಪೌಡರನ್ನು ಉಚ್ಚೆಯ ಮೇಲೆ ಹಾಕಿದರೆ ಗಂಟಲು ಕೆರೆಯುವ ಹೊಗೆ ಏಳುತ್ತದೆ, ಅದೂ ಬೇಡ. ಸೋಪಿನ ನೀರಲ್ಲಿ ಉಜ್ಜಿ ತೊಳೆದು, ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಎನ್‌ಜೈಮ್ ದ್ರಾವಣವನ್ನು ಗೋಡೆ ನೆನೆಯುವಷ್ಟು ಹಾಕಿ, ತಾನಾಗಿ ಒಣಗಲು ಬಿಡಿ. ಒಂದೆರಡು ಸಲ ಮಾಡಬೇಕಾಗಬಹುದು. ಗೋಡೆ ಹಳೆಯದಾಗಿದ್ದರೆ ಗಂಡಿನ ಆಪರೇಷನ್ ಆಗಿ ಒಂದೆರಡು ತಿಂಗಳಾದ ಮೇಲೆ ಎರಡಡಿ ಎತ್ತರದವರೆಗೆ ಬಣ್ಣ ಹೊಡೆಸಿ. ಮೊದಲೇ ಹೊಡೆಸಿದರೆ ದುಡ್ಡು ದಂಡ.

ಕುಂಡಗಳಿಗೆ ಸುಲಭ ಉಪಾಯವಿದೆ. ಬೆಕ್ಕಿಗೆ ಬೇಕಾದದ್ದು ಕೆದರಲು ಸಡಿಲ ಮಣ್ಣು. ಕೋಳಿಬಲೆಯನ್ನು ಕುಂಡದ ಬಾಯಿಯ ಅಳತೆಗೆ ದುಂಡಗೆ ಕತ್ತರಿಸಿ, ಗಿಡದ ಬುಡಕ್ಕೆ ಸೀಳು ಬಿಟ್ಟು ಹಾಸಿ. ಇಲ್ಲವೇ ತೆಂಗಿನ ಚಿಪ್ಪಿನ ಚೂರು, ಮುಷ್ಟಿಗಾತ್ರದ ಕಲ್ಲು ತುಂಬಿ. ಕಿತ್ತಳೆ ಸಿಪ್ಪೆ ಒಂದೆರಡು ದಿನದ ಆಟ. ಕಾಫಿ ಚರಟ ಹಾಕಬೇಡಿ, ಅದರ ಕೆಫೀನು ಪ್ರಾಣಿಗಳಿಗೆ ವಿಷ. ಆದರೆ ಕುಂಡ ಮುಚ್ಚಿದರೆ ಅವು ಇನ್ನೊಂದು ಜಾಗ ಹುಡುಕಲೇಬೇಕು. ಆ ಜಾಗ ಎಲ್ಲಿ ಅನ್ನುವುದನ್ನು ನಾವೇ ತೀರ್ಮಾನಿಸುವುದು ವಾಸಿ. ಅದಕ್ಕೆ ಅಜ್ಜಿ ಬೇಕು.

ಹೌದು, ಅಜ್ಜಿ. ನಿಮ್ಮ ಪತ್ರದಲ್ಲಿ ಅವರು ತೊಂದರೆಯ ಮೂಲ. ನಾನು ನೋಡುವ ಕಡೆಯಿಂದ, ಈ ಎಂಟು ಬೆಕ್ಕುಗಳಿಗೆ ಕೈ ಹಾಕಬಲ್ಲ ಒಬ್ಬರೇ ಒಬ್ಬರು ನಿಮ್ಮ ಬೀದಿಯಲ್ಲಿದ್ದರೆ ಅದು ಅವರು. ಯಾವುದು ಹೆಣ್ಣು, ಯಾವುದು ಗಂಡು, ಯಾವುದು ಗಬ್ಬ, ಎಷ್ಟು ಹೊತ್ತಿಗೆ ಬರುತ್ತದೆ, ಯಾವುದು ಮಡಿಲಿಗೆ ಬರುತ್ತದೆ, ಯಾವುದು ದೂರ ನಿಲ್ಲುತ್ತದೆ ಎಲ್ಲ ಅವರಿಗೆ ಗೊತ್ತು. ನೀವೂ ನಾನೂ ಬೋನು ಹಿಡಿದು ವಾರಗಟ್ಟಲೆ ಕಾದರೂ ಸಿಗದ ಬೆಕ್ಕು ಅವರು "ಬಾರೋ" ಅಂದರೆ ಬರುತ್ತದೆ. ಇದಕ್ಕೆ ದಾರಿ ಸಂತಾನಹರಣ, ಅಂದರೆ ಮರಿಯಾಗದಂತೆ ಮಾಡುವ ಆಪರೇಷನ್. ಅದು ಯಶಸ್ವಿಯಾದ ಬೀದಿಗಳಲ್ಲೆಲ್ಲ ಅನ್ನ ಹಾಕುವವರು ಜೊತೆಗಿದ್ದುದನ್ನು ಕಂಡಿದ್ದೇನೆ. ಅವರನ್ನು ಎದುರು ಹಾಕಿಕೊಂಡು ಗೆದ್ದ ಬೀದಿಯನ್ನು ಕಂಡಿಲ್ಲ.

ಹಾಗಾಗಿ ದೂರು ಹೇಳಲು ಮೂರನೇ ಸಲ ಹೋಗಬೇಡಿ. ಮಗಳು ಬರುವ ಸುದ್ದಿ ಹೇಳಲು ಹೋಗಿ. ಆಮೇಲೆ, "ಅಜ್ಜಿ, ನೀವು ಹಿಡಿದು ಕೊಟ್ಟರೆ ಸಾಕು, ಆಟೋ ಖರ್ಚು, ಆಪರೇಷನ್ ಖರ್ಚು ನಾವು ನೋಡ್ಕೋತೀವಿ, ವಾಪಸ್ ತಂದು ನಿಮ್ಮ ಹತ್ತಿರಾನೇ ಬಿಡ್ತೀವಿ" ಅನ್ನಿ. ಆ ಕೊನೆಯ ಮಾತು ಮುಖ್ಯ. ಬೆಕ್ಕನ್ನು ಮಾಯ ಮಾಡಿಬಿಡುತ್ತಾರೆ ಅನ್ನುವ ಭಯವೇ ಇಂಥವರ ಬಾಯಿ ಜೋರಾಗಲು ಕಾರಣ. ಮರಿಯಾಗುವುದನ್ನು ತಪ್ಪಿಸಿದರೆ ಪಾಪ ಬರುತ್ತದೆ ಅಂದಾರು, ಬಹಳ ಜನ ಅನ್ನುತ್ತಾರೆ. ಹೋದ ಸೂಲಿನ ಮರಿಗಳಲ್ಲಿ ಈಗ ಎಷ್ಟು ಉಳಿದಿವೆ ಅಂತ ಮೆಲ್ಲಗೆ ಕೇಳಿ. ಸತ್ತವನ್ನು ಎತ್ತಿ ಹಾಕಿದವರು ಅವರೇ ಆಗಿರುತ್ತಾರೆ.

ಅವರ ಹಾಲನ್ನದ ಬಗ್ಗೆಯೂ ಹೇಳಬೇಕು, ಆದರೆ ಎರಡನೇ ಭೇಟಿಯಲ್ಲಿ ಹೇಳಿ. ದೊಡ್ಡ ಬೆಕ್ಕುಗಳಲ್ಲಿ ಬಹುತೇಕಕ್ಕೆ ಹಾಲು ಜೀರ್ಣವಾಗುವುದಿಲ್ಲ, ಭೇದಿಯಾಗುತ್ತದೆ. ನಿಮ್ಮ ಕುಂಡಗಳ ಹೊಲಸು ಅಷ್ಟು ನಾರುವುದಕ್ಕೆ ಅದೂ ಒಂದು ಕಾರಣ ಇರಬಹುದು. ಬೆಕ್ಕು ಮಾಂಸಾಹಾರಿ. ಟಾರೀನ್ ಅನ್ನುವ ಸತ್ವ ಮಾಂಸ ಮೀನಿನಿಂದಲೇ ಸಿಗಬೇಕು, ಅನ್ನದಿಂದ ಸಿಗುವುದಿಲ್ಲ. ಅಜ್ಜಿಯ ಮನೆಯಲ್ಲಿ ಮಾಂಸ ಮುಟ್ಟುವುದಿಲ್ಲ ಅನ್ನುವುದಾದರೆ ಪ್ಯಾಕೆಟ್ಟಿನ ಒಣ ಆಹಾರ ಕೊಡಿಸಿ, ಅದಕ್ಕೆ ಪಾತ್ರೆಯೂ ಬೇಡ, ಒಲೆಯೂ ಬೇಡ. ಹೊತ್ತಿಗೆ ಸರಿಯಾಗಿ ಹಾಕಿ, ಅರ್ಧ ಗಂಟೆಯಲ್ಲಿ ತಟ್ಟೆ ಎತ್ತಿಡಲಿ. ರಾತ್ರಿಯಿಡೀ ತಟ್ಟೆ ಬಿಟ್ಟರೆ ಹೆಗ್ಗಣವೂ ಬರುತ್ತದೆ, ಬೇರೆ ಬೀದಿಯ ಬೆಕ್ಕೂ ಬರುತ್ತದೆ. ಅವರ ಕಟ್ಟಡದ ಹಿಂಬದಿಯ ಮೂಲೆಯಲ್ಲಿ ಒಂದು ಹಳೆ ಟಬ್ಬಿಗೆ ಮರಳು ತುಂಬಿಟ್ಟು, ದಿನಕ್ಕೊಮ್ಮೆ ಹೊಲಸು ತೆಗೆದರೆ ನಿಮ್ಮ ಕುಂಡಗಳ ಕಾಟ ಅರ್ಧಕ್ಕರ್ಧ ಇಳಿಯುತ್ತದೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಸಮುದಾಯದ ಪ್ರಾಣಿಗಳಿಗೆ ಊಟ ಹಾಕುವ ಜಾಗ, ಹೊತ್ತು ಗೊತ್ತುಮಾಡುವ ಹೊಣೆಯನ್ನು ನಿವಾಸಿಗಳ ಸಂಘಕ್ಕೂ ಹೊರಿಸಿವೆ. ಅಜ್ಜಿ ಒಪ್ಪದಿದ್ದರೆ ಮಾತಾಡಲು ಸಂಘದವರನ್ನು ಕರೆಯಿರಿ, ಪೊಲೀಸರನ್ನಲ್ಲ.

ಆಪರೇಷನ್ ಎಲ್ಲಿ? ನಗರದ ಸಂತಾನಹರಣದ ವ್ಯವಸ್ಥೆ ರೇಬೀಸ್ ಮತ್ತು ಕಚ್ಚುವ ಹಾವಳಿಯ ಕಾರಣಕ್ಕೆ ನಾಯಿಯ ಸುತ್ತಲೇ ಬೆಳೆದದ್ದು. ವಾಹನ, ಬಲೆ, ಹಿಡಿಯುವವರ ತರಬೇತಿ ಎಲ್ಲ ನಾಯಿಗೆ. ಬೆಂಗಳೂರಿನ ಒಂದು ಮಹಾನಗರ ಪಾಲಿಕೆ ಒಡೆದು ಐದಾದ ಮೇಲೂ ಬೆಕ್ಕಿನ ಕೆಲಸ ಬಹುಪಾಲು ಪ್ರಾಣಿದಯಾ ಸಂಸ್ಥೆಗಳ ಮತ್ತು ನಮ್ಮಂಥ ಖಾಸಗಿ ವೈದ್ಯರ ಮೇಲೇ ಬಿದ್ದಿದೆ. 1991ರಿಂದ ಇಲ್ಲಿ ಕೆಲಸ ಮಾಡುತ್ತಿರುವ ಕ್ಯೂಪಾದಂಥ ಸಂಸ್ಥೆಗಳನ್ನು ವಿಚಾರಿಸಿ; ಬೋನು ಎರವಲು ಸಿಗುತ್ತದೆಯೇ, ಬೀದಿಬೆಕ್ಕಿಗೆ ರಿಯಾಯಿತಿ ಇದೆಯೇ ಕೇಳಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ. ಎಲ್ಲಿಗೇ ಆಗಲಿ, ಹೊರಡುವ ಮೊದಲು ಫೋನ್ ಮಾಡಿ ದಿನ ಗೊತ್ತುಮಾಡಿಕೊಳ್ಳಿ. ಹಿಡಿದ ಬೆಕ್ಕನ್ನು ಹೊತ್ತು ಗೊರಗುಂಟೆಪಾಳ್ಯದ ಟ್ರಾಫಿಕ್ ದಾಟಿ ಹೋದ ಮೇಲೆ "ನಾಳೆ ಬನ್ನಿ" ಅನ್ನಿಸಿಕೊಳ್ಳುವುದು ಯಾರಿಗೂ ಬೇಡ. ಹೆಣ್ಣಿನ ಹೊಟ್ಟೆ ತೆರೆಯಬೇಕಾದ್ದರಿಂದ ಖರ್ಚು ಗಂಡಿಗಿಂತ ಹೆಚ್ಚು. ಬೀದಿಯ ನಾಲ್ಕು ಮನೆ ಹಂಚಿಕೊಂಡರೆ ಭಾರವಾಗುವುದಿಲ್ಲ.

ಹಿಡಿಯುವ ದಿನ ಬೆಳಗಿನ ಊಟ ತಪ್ಪಿಸಿ, ಬೋನಿನ ಹಿಂಬದಿಯಲ್ಲಿ ಕರಿದ ಬಂಗುಡೆಯ ಚೂರಿಡಿ. ವಾಸನೆಗೆ ಸೋಲದ ಬೆಕ್ಕಿಲ್ಲ. ಬಾಗಿಲು ಬಿದ್ದ ಕೂಡಲೇ ದಪ್ಪ ಬಟ್ಟೆ ಹೊದಿಸಿ. ಕತ್ತಲಾದರೆ ಒದ್ದಾಟ ನಿಲ್ಲುತ್ತದೆ. ಬೋನು ಮುಚ್ಚಿದ ಕಾರಿನಲ್ಲಿ ಬಿಸಿಲಿಗೆ ಇರಬಾರದು. ಅರಿವಳಿಕೆಯಲ್ಲಿ ಯಾವಾಗಲೂ ಒಂದಿಷ್ಟು ಅಪಾಯವಿದೆ, ಅದರಲ್ಲೂ ಶೀತ, ಜ್ವರ, ರಕ್ತಹೀನತೆ ಇರುವ ಬೀದಿಬೆಕ್ಕಿಗೆ. ಕಣ್ಣು ಮೂಗು ಸುರಿಯುತ್ತಿದ್ದರೆ ಮೊದಲು ಚಿಕಿತ್ಸೆ, ಆಮೇಲೆ ಆಪರೇಷನ್. ಗಂಡನ್ನು ಮರುದಿನ ಬಿಡಬಹುದು. ಹೆಣ್ಣನ್ನು ಎರಡು ಮೂರು ದಿನ ಬೋನಿನಲ್ಲಿ ಇಟ್ಟುಕೊಳ್ಳಬೇಕು, ಬೇಗ ಬಿಟ್ಟರೆ ಹೊಲಿಗೆ ಬಿಚ್ಚಿಕೊಂಡು ಕರುಳು ಹೊರಬಂದದ್ದೂ ಉಂಟು. ಅರಿವಳಿಕೆಯಲ್ಲಿರುವಾಗಲೇ ರೇಬೀಸ್ ಲಸಿಕೆ ಹಾಕಿಸಿ, ಎಡಗಿವಿಯ ತುದಿ ಕತ್ತರಿಸಲು ಹೇಳಿ. ಅಜ್ಜಿಗೆ ಇದನ್ನು ಮೊದಲೇ ತಿಳಿಸಿರಬೇಕು, ಇಲ್ಲದಿದ್ದರೆ ಕಿವಿ ನೋಡಿ ಹೊಸ ಜಗಳ ಶುರುವಾಗುತ್ತದೆ. ಆ ಕಿವಿಯನ್ನು ದೂರದಿಂದ ನೋಡಿದರೂ ಆಪರೇಷನ್ ಆದ ಬೆಕ್ಕು ಅಂತ ತಿಳಿಯುತ್ತದೆ, ಮತ್ತೊಮ್ಮೆ ಹಿಡಿದು ಅದೇ ಹೊಟ್ಟೆ ಕೊಯ್ಯುವುದು ತಪ್ಪುತ್ತದೆ.

ಸಂಖ್ಯೆ ಇಳಿಯಬೇಕಾದರೆ ಹೆಣ್ಣುಗಳನ್ನು ಮೊದಲು ಹಿಡಿಯಬೇಕು ಅನ್ನುವುದು ಪುಸ್ತಕದ ಕ್ರಮ, ಸರಿಯಾದ ಕ್ರಮವೂ ಹೌದು. ಆದರೂ ನಿಮಗೆ ನಾನು ಆ ದಪ್ಪ ತಲೆಯವನಿಂದಲೇ ಶುರು ಮಾಡಿ ಅನ್ನುತ್ತೇನೆ. ಒಂದೇ ಬೆಕ್ಕು, ಖರ್ಚು ಕಡಿಮೆ, ಒಂದೆರಡು ತಿಂಗಳಲ್ಲಿ ಬಾಗಿಲ ವಾಸನೆ ಇಳಿಯುವುದು ನಿಮ್ಮ ಮನೆಯವರ ಮೂಗಿಗೇ ಗೊತ್ತಾಗುತ್ತದೆ. ಅದಾದ ಮೇಲೆ ದುಡ್ಡು ಕೊಡುವವರು ತಾವಾಗಿ ಮುಂದೆ ಬರುತ್ತಾರೆ. ಎಂಟಕ್ಕೆ ಎಂಟೂ ಮುಗಿಸಿದರೆ ಮಾತ್ರ ಪೂರ್ತಿ ಫಲ. ಎರಡು ಹೆಣ್ಣು ಉಳಿಸಿದರೆ ಒಂದು ವರ್ಷದಲ್ಲಿ ಮತ್ತೆ ಇಲ್ಲಿಗೇ ಬರುತ್ತೀರಿ. ಮುಗಿದ ಮೇಲೂ ಬೆಕ್ಕುಗಳು ಇದ್ದೇ ಇರುತ್ತವೆ, ಇದನ್ನು ಈಗಲೇ ಒಪ್ಪಿಕೊಳ್ಳಿ. ಅಳು, ಕಾದಾಟ, ಉಚ್ಚೆ ನಿಲ್ಲುತ್ತದೆ. ಇಲಿಗಳೂ ಅಂಕೆಯಲ್ಲಿರುತ್ತವೆ.

ಸಜ್ಜೆಯ ಮರಿಗಳನ್ನು ಈಗ ಮುಟ್ಟಬೇಡಿ. ಕೆಳಗಿಳಿಸಿದರೆ ತಾಯಿ ರಾತ್ರೋರಾತ್ರಿ ನಿಮಗೆ ಕಾಣದ, ಇನ್ನೂ ಇಕ್ಕಟ್ಟಿನ ಜಾಗಕ್ಕೆ ಸಾಗಿಸುತ್ತದೆ. ಕಣ್ಣು ಇನ್ನೂ ಮುಚ್ಚಿದ್ದರೆ ಹತ್ತು ದಿನದ ಒಳಗಿನವು. ಕಿವಿ ನಿಮಿರಿ ತೂರಾಡುತ್ತಾ ನಡೆಯುತ್ತಿದ್ದರೆ ಮೂರು ವಾರ ಕಳೆದಿದೆ. ಐದಾರು ವಾರಕ್ಕೆ ತಾವಾಗಿ ತಿನ್ನಲು ಶುರು ಮಾಡಿದಾಗ ತಾಯಿಯನ್ನು ಹಿಡಿದು ಕಳಿಸಿ, ತಡ ಮಾಡಿದರೆ ಅದು ಮತ್ತೆ ಗಬ್ಬವಾಗಿರುತ್ತದೆ. ಮರಿಗಳು ಮನುಷ್ಯರ ಕೈಗೆ ಒಗ್ಗುವುದು ಎರಡರಿಂದ ಏಳನೇ ವಾರದೊಳಗೆ. ಆ ಹೊತ್ತಿನಲ್ಲಿ ಅಜ್ಜಿ ದಿನಾ ಸ್ವಲ್ಪ ಎತ್ತಿ ಆಡಿಸಿದರೆ ಎಂಟನೇ ವಾರಕ್ಕೆ ಸಾಕುವವರಿಗೆ ಕೊಡಬಹುದು. ಮಗಳು ಮತ್ತು ಚಿಕ್ಕ ಮಕ್ಕಳು ಮರಿಗಳನ್ನು ಎತ್ತಿಕೊಳ್ಳುವುದು ಬೇಡ, ಹುಳುಕಡ್ಡಿ ಅಂಟುತ್ತದೆ. ಅಪಾರ್ಟ್‌ಮೆಂಟಿನವರು ಕೇಳಿದರೆ ಬಾಲ್ಕನಿಗೆ ಬಲೆ ಹಾಕಿಸಿದ್ದಾರೆಯೇ ವಿಚಾರಿಸಿ ಕೊಡಿ; ನಾಲ್ಕನೇ ಮಹಡಿಯಿಂದ ಬಿದ್ದು ದವಡೆ ಮುರಿದುಕೊಂಡ ಮರಿಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ. ಯಾರಿಗೂ ಕೊಡಲಾಗದ ಮರಿಯನ್ನು ಐದು ತಿಂಗಳು ತುಂಬುವ ಮೊದಲೇ ಆಪರೇಷನ್ನಿಗೆ ಕಳಿಸಿ. ಕಿವಿಯ ತುದಿ ಇನ್ನೂ ಇರುವ ಹೊಸ ಬೆಕ್ಕೊಂದು ತಟ್ಟೆಗೆ ಬಂದರೆ ಅಜ್ಜಿ ನಿಮಗೊಂದು ಫೋನ್ ಮಾಡಲಿ.